"ಬರೀ ಒಂದು ಸಹಿ" ಎಂದರು, ನಾನು ಹಾಕಿದೆ: ಅಮೆರಿಕದಲ್ಲಿ ಇನ್ನೊಬ್ಬರ ಹೆಂಡತಿಗೆ ಪ್ರಾಯೋಜಕರಾಗುವ ಮೊದಲು ಇದನ್ನು ಓದಿ

ಯಾರಾದರೂ ನಿಮ್ಮ ಮನೆಗೆ ಬಂದು "ಮಗನ ಹೆಂಡತಿಯ ವೀಸಾಗೆ ಒಂದು ಸಹಿ ಬೇಕಿತ್ತು, ಬರೀ ಫಾರ್ಮಾಲಿಟಿ" ಎಂದರೆ ಕಾಫಿ ಕೊಟ್ಟು ಕಳುಹಿಸಿ. ಸಹಿ ಹಾಕಬೇಡಿ. ನಾನು ಹಾಕಿದೆ. ಇವತ್ತು ನನಗೆ ಸಂಬಂಧವೇ ಇಲ್ಲದ ಒಂದು ಮುರಿದ ಮದುವೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೇನೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಕಚೇರಿಯಲ್ಲಿ ನನ್ನ ಕೆಲಸವೇ ಗುತ್ತಿಗೆ ಪತ್ರಗಳನ್ನು ಓದುವುದು. ಒಂದು ಅಲ್ಪವಿರಾಮ ತಪ್ಪಾಗಿದ್ದರೂ ಎದುರಿನವರಿಗೆ ವಾಪಸ್ ಕಳುಹಿಸುವವನು ನಾನು. ಅಂಥವನು ದೇವಸ್ಥಾನದ ಕ್ಯಾಂಟೀನಿನಲ್ಲಿ, ಪುಳಿಯೋಗರೆ ತಿನ್ನುತ್ತಾ, ಮುಂದಿಟ್ಟ ಕಾಗದವನ್ನು ಓದದೆ ಸಹಿ ಹಾಕಿದೆ.

2022ರ ಮಾರ್ಚ್ ತಿಂಗಳು. ಚಿಕಾಗೋ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನ. ನಮ್ಮ ಅರಸೀಕೆರೆ ಕಡೆಯವರೇ ಆದ ಹಿರಿಯರೊಬ್ಬರು, ಇಪ್ಪತ್ತು ವರ್ಷದ ಪರಿಚಯ. ಅವರ ಮಗ ಇಲ್ಲಿಯ ಪ್ರಜೆ. 2020ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಮದುವೆಯಾಗಿತ್ತು. ಹುಡುಗಿ ಇನ್ನೂ ಅಲ್ಲಿಯೇ ಇದ್ದಳು. ಹುಡುಗ ಕೆಲಸ ಬಿಟ್ಟು ಏನೋ ಸ್ವಂತ ಕಂಪನಿ ಶುರು ಮಾಡಿದ್ದ, ಆದಾಯ ಸೊನ್ನೆ. ಹೀಗಾಗಿ ಅವನ ಜೊತೆಗೆ ಇನ್ನೊಬ್ಬ "ಜಂಟಿ ಪ್ರಾಯೋಜಕ" ಬೇಕು, ಅದು ನೀವಾಗಬೇಕು ಎಂದು ಕೇಳಿದರು. ಫಾರಂನ ಹೆಸರು ಐ-864, ಅಫಿಡವಿಟ್ ಆಫ್ ಸಪೋರ್ಟ್. ನನ್ನ ತೆರಿಗೆ ಪತ್ರ, ಸಂಬಳದ ಚೀಟಿ, ಕಂಪನಿಯ ಪತ್ರ ಎಲ್ಲವನ್ನೂ ಮೊದಲೇ ಇಮೇಲ್ ಮಾಡಿಸಿಕೊಂಡಿದ್ದರು. ಫಾರಂ ತುಂಬಿಸಿ, ಕೊನೆಯ ಪುಟಗಳಿಗೆ ಮಡಚಿ, ಸಹಿ ಹಾಕುವ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ತಂದಿದ್ದರು. ಎಷ್ಟು ಅನುಕೂಲ ಮಾಡಿಕೊಟ್ಟಿದ್ದಾರೆ ಎಂದು ನನಗೆ ಸಂತೋಷವೂ ಆಯಿತು, ನೋಡಿ.

"ಇದರ ಅರ್ಥ ಏನು ಸರ್?" ಎಂದು ಕೇಳಿದ್ದೆ. ಅಷ್ಟಾದರೂ ಕೇಳಿದ್ದೆ.

"ಏನಿಲ್ಲಪ್ಪ, ನಿಮ್ಮ ಸಂಬಳ ಕಾಗದದ ಮೇಲೆ ಕಾಣಿಸಬೇಕು ಅಷ್ಟೆ. ಅವಳು ಬಂದು ಇಳಿದರೆ ಮುಗಿಯಿತು. ನಿಮ್ಮಿಂದ ಒಂದು ರೂಪಾಯಿ ಯಾರೂ ಕೇಳುವುದಿಲ್ಲ."

ರೂಪಾಯಿ ಯಾರೂ ಕೇಳಲಿಲ್ಲ, ನಿಜ. ಕೇಳಿದ್ದು ಡಾಲರ್.

ಇಲ್ಲಿರುವ ನಮ್ಮವರಲ್ಲಿ ಬಹಳ ಮಂದಿಗೆ ಈ ಫಾರಂನ ಪರಿಚಯವೇ ಇಲ್ಲ. ನಾವು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದವರು, ಹೆಂಡತಿ ಅದರ ಜೊತೆಗಿನ ಎಚ್-4 ಮೇಲೆ ಬಂದವಳು, ಆಮೇಲೆ ಕಂಪನಿಯೇ ಹಸಿರು ಕಾರ್ಡ್ (ಕಾಯಂ ವಾಸದ ಪರವಾನಗಿ) ಮಾಡಿಸಿಕೊಟ್ಟಿತು. ಆ ದಾರಿಯಲ್ಲಿ ಯಾರೂ ನಮ್ಮನ್ನು ಈ ಕಾಗದ ಕೇಳುವುದಿಲ್ಲ. ಇದು ಬರುವುದು ಕುಟುಂಬದ ಮೂಲಕ ಹಸಿರು ಕಾರ್ಡ್ ಕೊಡಿಸುವಾಗ. 1996ರ ಕಾನೂನಿನಿಂದ ಬಂದದ್ದು, 1997ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಸಹಿ ಹಾಕಿದವರು ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಂತೆ: ಬಂದ ವ್ಯಕ್ತಿಯ ಆದಾಯ ಬಡತನ ರೇಖೆಯ ಶೇಕಡ 125ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ ಎಂದು. ನೋಡಿಕೊಳ್ಳದಿದ್ದರೆ ಆ ವ್ಯಕ್ತಿಯೇ ನಮ್ಮ ಮೇಲೆ ದಾವೆ ಹೂಡಬಹುದು. ಆಕೆ ಸರ್ಕಾರದ ಕೆಲವು ಬಗೆಯ ನೆರವು ಪಡೆದರೆ ಆ ಇಲಾಖೆಯೂ ನಮ್ಮಿಂದ ವಸೂಲಿ ಮಾಡಬಹುದು. ಇದೆಲ್ಲ ನನಗೆ ಗೊತ್ತಾಗಿದ್ದು ಮೂರು ವರ್ಷ ತಡವಾಗಿ, ಗಂಟೆಗೆ ಇಷ್ಟು ಎಂದು ಹಣ ತೆಗೆದುಕೊಳ್ಳುವ ವಕೀಲರಿಂದ.

ಅಂದು ನನ್ನ ಲೆಕ್ಕ ಬೇರೆ ಇತ್ತು. ನಾನು, ಹೆಂಡತಿ, ಇಬ್ಬರು ಮಕ್ಕಳು, ಬರುವ ಹುಡುಗಿ, ಒಟ್ಟು ಐದು ಜನ. ಆ ವರ್ಷ ಐದು ಜನಕ್ಕೆ ತೋರಿಸಬೇಕಿದ್ದ ಆದಾಯ ಸುಮಾರು 40,587 ಡಾಲರ್. ನನ್ನ ಸಂಬಳ ಅದಕ್ಕಿಂತ ಎಷ್ಟೋ ಹೆಚ್ಚು. ನನ್ನದೊಂದೇ ಸಾಕಾಗಿದ್ದರಿಂದ ಹೆಂಡತಿಯ ಸಹಿ ಬೇಕಾಗಲಿಲ್ಲ. ಬೇಕಾಗಲಿಲ್ಲ ಎಂದು ನಾನು ಅವಳಿಗೆ ಹೇಳಲೂ ಇಲ್ಲ. ಆ ವಿಷಯ ಆಮೇಲೆ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹುಡುಗಿಗೆ ಮುಂಬೈಯಲ್ಲಿ ಸಂದರ್ಶನವಾಗಿ ವೀಸಾ ಸಿಕ್ಕಿತು, 2022ರ ನವೆಂಬರಿನಲ್ಲಿ ಬಂದಳು. ನಾವೇ ಹೋಗಿ ಅರಿಸಿನ ಕುಂಕುಮ ಕೊಟ್ಟು ಬಂದೆವು. 2023ರ ಅಕ್ಟೋಬರ್ ಹೊತ್ತಿಗೆ ಅವನು ಅವಳನ್ನು ಬಿಟ್ಟು ಟೆಕ್ಸಾಸ್‌ಗೆ ಹೋಗಿದ್ದ. ಯಾರದು ತಪ್ಪು ಎಂದು ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. 2024ರಲ್ಲಿ ವಿಚ್ಛೇದನವಾಯಿತು. "ಪಾಪ" ಎಂದೆವು. ನಮ್ಮ ಪಾಲಿಗೆ ಅದು ಅಲ್ಲಿಗೆ ಮುಗಿದ ಸುದ್ದಿ.

2025ರ ಜನವರಿಯಲ್ಲಿ ಅವಳ ವಕೀಲರ ಪತ್ರ ಬಂತು. ಗಂಡ ಬಿಟ್ಟುಹೋದ ದಿನದಿಂದ ಲೆಕ್ಕ. 2023ರ ಕೊನೆಯ ಮೂರು ತಿಂಗಳಿಗೆ 4,556 ಡಾಲರ್. 2024ಕ್ಕೆ ಬಡತನ ರೇಖೆಯ ಶೇಕಡ 125, ಒಬ್ಬರ ಲೆಕ್ಕದಲ್ಲಿ 18,825, ಅದರಲ್ಲಿ ಅವಳು ದಿನಸಿ ಅಂಗಡಿಯಲ್ಲಿ ದುಡಿದ 6,000 ಕಳೆದು 12,825. ಒಟ್ಟು 17,381 ಡಾಲರ್, ಅದರ ಮೇಲೆ ವಕೀಲರ ವೆಚ್ಚ, ಮುಂದಿನ ತಿಂಗಳುಗಳದ್ದು ಬೇರೆ. ಪತ್ರದ ಹಿಂದೆ ನಾನು ಸಹಿ ಹಾಕಿದ ಫಾರಂನ ಪ್ರತಿ. ಸಹಿಯ ಪುಟದ ಮೂಲೆಯಲ್ಲಿ ಒಂದು ಮಸುಕಾದ ಕಲೆ. ಮೊದಲು ಜೆರಾಕ್ಸ್ ಯಂತ್ರದ ದೋಷ ಎಂದುಕೊಂಡೆ. ಆಮೇಲೆ ಹೊಳೆಯಿತು: ಅದು ಪುಳಿಯೋಗರೆಯ ಎಣ್ಣೆ, ನನ್ನ ಹೆಬ್ಬೆರಳಿನದೇ ಗುರುತು. ಸಹಿಯನ್ನು ನಾನಲ್ಲ ಎಂದು ಹೇಳುವಂತೆಯೂ ಇರಲಿಲ್ಲ.

ಆ ಕಲೆಯನ್ನು ನೋಡುತ್ತಾ ಕುಳಿತು ಮೊದಲ ಬಾರಿಗೆ ಫಾರಂ ಓದಿದೆ. ಮೂರು ವರ್ಷದ ನಂತರ! ಸಹಿಯ ಜಾಗಕ್ಕೆ ಮೊದಲು ಅಚ್ಚಾಗಿಯೇ ಇದೆ: ವಿಚ್ಛೇದನದಿಂದ ನಿಮ್ಮ ಹೊಣೆ ಕೊನೆಗೊಳ್ಳುವುದಿಲ್ಲ. ಸಣ್ಣ ಅಕ್ಷರದಲ್ಲಿ ಮುಚ್ಚಿಟ್ಟದ್ದಲ್ಲ. ಪ್ರತ್ಯೇಕ ಸೂಚನೆಯಾಗಿ ಬರೆದದ್ದು. ಹೊಣೆ ಮುಗಿಯುವುದು ಅವಳು ಅಮೆರಿಕದ ಪ್ರಜೆಯಾದರೆ, ಅಥವಾ ಅವಳ ಹೆಸರಿನಲ್ಲಿ 40 ಕ್ವಾರ್ಟರ್‌ಗಳ ದುಡಿಮೆ ಜಮೆಯಾದರೆ (ಕ್ವಾರ್ಟರ್ ಎಂದರೆ ಸರ್ಕಾರ ದುಡಿಮೆಯನ್ನು ಎಣಿಸುವ ಅಳತೆ, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು; ಒಟ್ಟು ಸುಮಾರು ಹತ್ತು ವರ್ಷ), ಅಥವಾ ಹಸಿರು ಕಾರ್ಡ್ ಬಿಟ್ಟು ಶಾಶ್ವತವಾಗಿ ದೇಶ ತೊರೆದರೆ, ಅಥವಾ ಅವಳು ಸತ್ತರೆ. ಅಥವಾ ನಾನು ಸತ್ತರೆ. ಹೌದು, ಅದೂ ಬರೆದಿದೆ.

ಹಿರಿಯರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ.

ಮೊದಲ ದಿನ: "ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಡಿವೋರ್ಸ್ ಆಯಿತಲ್ಲ, ಅವಳ ಕಾರ್ಡೇ ಹೋಗುತ್ತದೆ, ವಾಪಸ್ ಹೋಗುತ್ತಾಳೆ." ಸುಳ್ಳು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಬಂದವರಿಗೆ ಷರತ್ತಿನ ಕಾರ್ಡ್ ಕೊಡುತ್ತಾರೆ, ನಿಜ. ಆದರೆ ಮದುವೆ ಪ್ರಾಮಾಣಿಕವಾಗಿತ್ತು ಎಂದು ತೋರಿಸಿದರೆ ವಿಚ್ಛೇದನವಾದ ಮೇಲೂ ಷರತ್ತು ತೆಗೆಸಿಕೊಳ್ಳಬಹುದು. ಅವಳು ಆ ಅರ್ಜಿ ಹಾಕಿದ್ದಾಳೆ.

ಎರಡನೆಯ ವಾರ: "ಇದು ನಮ್ಮ ಮನೆಯ ವಿಷಯ, ನೀವು ಮಧ್ಯೆ ಬರಬೇಡಿ." ಮಧ್ಯೆ ಬರಬೇಡಿ! ಹಳದಿ ಚೀಟಿ ಅಂಟಿಸಿ ನನ್ನನ್ನು ಮಧ್ಯೆ ಕೂರಿಸಿದವರು ಯಾರು?

ಮೂರನೆಯ ಸಲ ಅವರ ಮನೆಗೇ ಹೋದೆ. ನನ್ನೊಳಗೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ನೀವೇ ಯಾಕೆ ಸಹಿ ಹಾಕಲಿಲ್ಲ? ಅಂದು ಕೇಳಿದಾಗ "ನಾನು ನಿವೃತ್ತ, ಸಂಬಳ ಇಲ್ಲ" ಎಂದಿದ್ದರು, ನಾನು ಒಪ್ಪಿದ್ದೆ. ಈಗ ನನಗೆ ತಿಳಿದಿತ್ತು, ಸಂಬಳವೇ ಬೇಕೆಂದಿಲ್ಲ. ಮನೆ, ಷೇರುಗಳಂಥ ಆಸ್ತಿಯನ್ನೂ ತೋರಿಸಬಹುದು, ಇಲ್ಲಿಯ ಪ್ರಜೆಯ ಹೆಂಡತಿಗಾದರೆ ಆದಾಯದಲ್ಲಿರುವ ಕೊರತೆಯ ಮೂರು ಪಟ್ಟು ಇದ್ದರೆ ಸಾಕು. ಸಾಲ ತೀರಿದ ಮನೆಯ ಸೋಫಾದ ಮೇಲೆ ಕುಳಿತೇ ಇದನ್ನು ಕೇಳಿದೆ.

ಅವರು ಚಹಾದ ಲೋಟ ಕೆಳಗಿಟ್ಟು, ಯಾವ ಮುಜುಗರವೂ ಇಲ್ಲದೆ ಹೇಳಿದರು: "ನಮ್ಮ ವಕೀಲರು ನನಗೆ ಬೇಡ ಎಂದಿದ್ದರು."

ನಾನು ಮತ್ತೆ ಕೇಳಿದೆ. ಕಿವಿ ತಪ್ಪು ಕೇಳಿಸಿರಬಹುದು ಎಂದು. "ನಾಳೆ ಹೆಚ್ಚುಕಡಿಮೆ ಆದರೆ ಮನೆಗೆ ತೊಂದರೆ ಎಂದರು. ಅದಕ್ಕೇ ನಿಮ್ಮನ್ನು ಕೇಳಿದ್ದು. ನಿಮಗೆ ಒಳ್ಳೆಯ ಕೆಲಸ ಇದೆಯಲ್ಲ."

ಅಂದರೆ ಗೊತ್ತಿತ್ತು. ಫಾರ್ಮಾಲಿಟಿ ಎಂದು ನನಗೆ ಹೇಳುವಾಗ ಗೊತ್ತಿತ್ತು. ಒಂದು ರೂಪಾಯಿ ಯಾರೂ ಕೇಳುವುದಿಲ್ಲ ಎನ್ನುವಾಗ ಗೊತ್ತಿತ್ತು. ಪುಳಿಯೋಗರೆ ಇನ್ನೊಂದು ತಟ್ಟೆ ಹಾಕಿಸಲೇ ಎಂದು ಉಪಚರಿಸುವಾಗ ಗೊತ್ತಿತ್ತು. ಹಣಕ್ಕಿಂತ ನನ್ನನ್ನು ಇದು ಸುಡುತ್ತದೆ. ಹೊರಡುವಾಗ ಬಾಗಿಲಿನವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು: "ಎಷ್ಟಾದರೂ ಸಹಿ ಮಾಡಿದ್ದು ನೀವೇ ಅಲ್ಲವೇ?"

ಹುಡುಗ? ಅವನೂ ಫಾರಂ ಹಾಕಿದ್ದಾನೆ, ಅವನಿಗೂ ಅಷ್ಟೇ ಹೊಣೆ. ಆದರೆ ಕಾನೂನಿನಲ್ಲಿ ಅವಳು ಇಬ್ಬರಲ್ಲಿ ಯಾರನ್ನಾದರೂ ಪೂರ್ತಿ ಮೊತ್ತಕ್ಕೆ ಹಿಡಿಯಬಹುದು. ಸಂಬಳದ ಚೀಟಿ ಇರುವವನನ್ನು ಬಿಟ್ಟು ಇಲ್ಲದವನನ್ನು ಯಾವ ವಕೀಲ ಹಿಡಿಯುತ್ತಾನೆ? ಅವನಿಂದ ನಾನು ವಸೂಲಿ ಮಾಡಬೇಕಾದರೆ ಬೇರೆ ದಾವೆ, ಬೇರೆ ಖರ್ಚು. ಅವನ ಕಡೆಯಿಂದ ಬಂದದ್ದು ಒಂದೇ ವಾಟ್ಸ್ಆ್ಯಪ್ ಸಂದೇಶ: "ಸಾರಿ ಅಂಕಲ್, ನಾನೂ ಕಷ್ಟದಲ್ಲಿದ್ದೇನೆ", ಕೆಳಗೆ ಕೈ ಮುಗಿದ ಚಿತ್ರ.

ಹುಡುಗಿಗೂ ಫೋನ್ ಮಾಡಿದೆ. ಮಾಡಬಾರದಿತ್ತು, ವಕೀಲರು ಬೇಡ ಎಂದಿದ್ದರು. ಕೋಪದಲ್ಲಿದ್ದೆ. ಬಿ.ಎಡ್ ಮಾಡಿದ್ದೀಯಲ್ಲ, ಪೂರ್ತಿ ಕೆಲಸ ಹುಡುಕಬಾರದೇ ಎಂದು ಗದರಿದೆ. ಅವಳು ಸಮಾಧಾನವಾಗಿಯೇ ಮಾತಾಡಿದಳು. "ಅಂಕಲ್, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಇಲ್ಲಿ ನನ್ನ ಓದು ನಡೆಯುವುದಿಲ್ಲ, ಮತ್ತೆ ಪರೀಕ್ಷೆ ಬರೆಯಬೇಕು. ಒಂದನೇ ತಾರೀಖು ಬಾಡಿಗೆ ಕಟ್ಟಬೇಕು." ಇಷ್ಟೇ. ಆಮೇಲೆ ನನಗೆ ಮಾತು ಹೊರಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಸುಳ್ಳು ಹೇಳದವಳು ಅವಳೊಬ್ಬಳೇ ಎಂದು ಫೋನ್ ಇಟ್ಟ ಮೇಲೆ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಕೆಲಸ ಹುಡುಕಲೇಬೇಕು ಎಂದು ಅವಳನ್ನು ಒತ್ತಾಯಿಸಲೂ ಆಗುವುದಿಲ್ಲವಂತೆ. ಪಕ್ಕದ ವಿಸ್ಕಾನ್ಸಿನ್‌ನ ದಂಪತಿಯೊಬ್ಬರ ಪ್ರಕರಣದಲ್ಲಿ, ಚಿಕಾಗೋದಲ್ಲಿರುವ ಮೇಲ್ಮನವಿ ನ್ಯಾಯಾಲಯವೇ 2012ರಲ್ಲಿ ತೀರ್ಪು ಕೊಟ್ಟಿದೆ: ಬಂದವರು ಕೆಲಸ ಹುಡುಕದಿದ್ದರೂ ಪ್ರಾಯೋಜಕನ ಹೊಣೆ ಕಡಿಮೆಯಾಗುವುದಿಲ್ಲ. ನಮ್ಮ ವಕೀಲರು ಆ ತೀರ್ಪನ್ನು ತೋರಿಸಿ, ರಾಜಿ ಮಾಡಿಕೊಳ್ಳಿ ಎಂದರು. ಮಾಡಿಕೊಂಡೆ. ಬಾಕಿಯನ್ನು ಕಂತಿನಲ್ಲಿ, ಮುಂದಿನದಕ್ಕೆ ತಿಂಗಳಿಗೆ ಇಷ್ಟು ಎಂದು. 40 ಕ್ವಾರ್ಟರ್‌ಗಳ ಲೆಕ್ಕ ನಾನೇ ಹಾಕಿ ನೋಡಿದೆ. 2024ರಲ್ಲಿ ಒಂದು ಕ್ವಾರ್ಟರ್ ಜಮೆಯಾಗಲು 1,730 ಡಾಲರ್ ದುಡಿಯಬೇಕು. ಅವಳು ದುಡಿದ 6,000ಕ್ಕೆ ಮೂರು ಬಂದಿವೆ. ಇನ್ನು 37. ಪ್ರಜೆಯಾದರೆ ನನಗೆ ಬಿಡುಗಡೆ, ಆದರೆ ಆಗು ಎಂದು ಯಾರೂ ಬಲವಂತ ಮಾಡುವಂತಿಲ್ಲ.

ನಮ್ಮ ತಂದೆ ಊರಿನ ಸೊಸೈಟಿಯಲ್ಲಿ ಪಕ್ಕದ ತೋಟದವರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತು, ಎರಡು ವರ್ಷದ ಕೊಬ್ಬರಿ ದುಡ್ಡನ್ನು ಅದಕ್ಕೆ ಕಟ್ಟಿದವರು. ಅಮ್ಮ ಸಾಯುವವರೆಗೂ ಅದನ್ನು ಎತ್ತಿ ಆಡುತ್ತಿದ್ದರು. ಜಾಮೀನು ಎಂಬ ಪದ ಕೇಳಿದ್ದರೆ ನಾನು ಎದ್ದು ಓಡುತ್ತಿದ್ದೆ. ಅಫಿಡವಿಟ್ ಎಂದರು, ಸ್ಪಾನ್ಸರ್ ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಅದು ಮರ್ಯಾದೆಯ ವಿಷಯದಂತೆ ಕೇಳಿಸಿತು.

ನಿಮ್ಮದು ಈಗಾಗಲೇ ಸಹಿಯಾಗಿದ್ದರೆ, ವೀಸಾ ಇನ್ನೂ ಕೊಟ್ಟಿಲ್ಲದಿದ್ದರೆ, ಇವತ್ತೇ ಲಿಖಿತವಾಗಿ ಹಿಂದಕ್ಕೆ ತೆಗೆದುಕೊಳ್ಳಿ. ವೀಸಾ ಕೊಟ್ಟ ಮೇಲೆ ಆಗುವುದಿಲ್ಲ. ಮನೆ ಬದಲಾಯಿಸಿದರೆ 30 ದಿನದೊಳಗೆ ಹೊಸ ವಿಳಾಸ ತಿಳಿಸುವ ಐ-865 ಫಾರಂ ಕಳುಹಿಸಿ, ಇಲ್ಲದಿದ್ದರೆ ಅದಕ್ಕೂ ದಂಡವಿದೆ. ಸ್ವಂತ ಹೆಂಡತಿಗೋ ಗಂಡನಿಗೋ ಸಹಿ ಹಾಕುವವರ ವಿಷಯ ಬೇರೆ, ಅದು ನಿಮ್ಮ ಸಂಸಾರ, ಓದಿಕೊಂಡು ಹಾಕಿ. ಬೇರೆಯವರ ಮಗನ ಸಂಸಾರಕ್ಕೆ ಯಾರಾದರೂ ಕೇಳಿದರೆ, ಅವರ ಮನೆಯವರು ಯಾಕೆ ಹಾಕುತ್ತಿಲ್ಲ ಎಂದು ಮೊದಲು ಕೇಳಿ. ಉತ್ತರ ಬರುವವರೆಗೂ ಪೆನ್ನು ಜೇಬಿನಲ್ಲೇ ಇರಲಿ.

ನಿನ್ನೆ ರಾತ್ರಿ ಹಿರಿಯರಿಂದ ಸಂದೇಶ ಬಂದಿದೆ. ಮುಂದಿನ ಹುಣ್ಣಿಮೆಗೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಂತೆ, ಕುಟುಂಬ ಸಮೇತ ಬರಬೇಕಂತೆ. ಹೆಂಡತಿಗೆ ತೋರಿಸಿದೆ. ಅವಳು ಓದಿ, ಫೋನ್ ಬೋರಲು ಮಾಡಿ ಮೇಜಿನ ಮೇಲಿಟ್ಟು, ಪಾತ್ರೆ ತೊಳೆಯಲು ಹೋದಳು.