ಪೊರೆ ‘ಹಣ್ಣಾಗಲಿ’ ಎಂದು ಕಾದು ಕಳೆದುಕೊಂಡ ಕಣ್ಣು

ನಮ್ಮ ಆಯಿಯ ಎಡಗಣ್ಣಿಗೆ ಪೊರೆ ಬಂದಿದೆಯೆಂದು ಗೊತ್ತಾಗಿ ಎರಡು ವರ್ಷಗಳಾಗಿದ್ದವು. ಶಿರಸಿ ಸೀಮೆಯ ನಮ್ಮ ಹಳ್ಳಿಯಿಂದ ಪೇಟೆಗೆ ಕರೆದೊಯ್ದು ಕನ್ನಡಕದ ಅಂಗಡಿಯೊಂದರಲ್ಲಿ ತೋರಿಸಿದಾಗ, ಅಲ್ಲಿ ಪರೀಕ್ಷಿಸಿದವರು ಪೊರೆ ಇನ್ನೂ ಎಳೆಯದು, ಹಣ್ಣಾದ ಮೇಲೆ ಆಪರೇಷನ್ ಮಾಡಿಸಿದರೆ ಸಾಕು ಎಂದು ಹೊಸ ಕನ್ನಡಕ ಕೊಟ್ಟರು. ಊರಿನ ಹಿರಿಯರೂ ಅದನ್ನೇ ಹೇಳುತ್ತಿದ್ದುದರಿಂದ ನಮಗೆ ಅನುಮಾನ ಬರಲಿಲ್ಲ. ಅಡಿಕೆ ಕೊನೆ ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ಮುಂದೂಡುತ್ತಲೇ ಬಂದೆವು. ಕಣ್ಣಿನ ವೈದ್ಯರಿಗೆ ಒಮ್ಮೆಯೂ ತೋರಿಸಲಿಲ್ಲ.

ಕಳೆದ ಆಷಾಢದ ಒಂದು ರಾತ್ರಿ ಆಯಿಗೆ ವಿಪರೀತ ತಲೆನೋವು ಬಂದು ಎರಡು ಮೂರು ಬಾರಿ ವಾಂತಿಯಾಯಿತು. ಪಿತ್ತವೆಂದು ಭಾವಿಸಿ ಮುರುಗಲು ಪಾನಕ ಕುಡಿಸಿ ಮಲಗಿಸಿದೆವು. ಕರೆಂಟಿಲ್ಲದ ಮನೆಯಲ್ಲಿ ಕಣ್ಣು ಕೆಂಪಾದದ್ದನ್ನು ಯಾರೂ ನೋಡಲಿಲ್ಲ. ಮಾರನೆಯ ದಿನ ಹತ್ತಿರದ ಡಾಕ್ಟರು ವಾಂತಿಗೆ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಶಿರಸಿಯ ಕಣ್ಣಿನ ವೈದ್ಯರು ಕಣ್ಣೊಳಗಿನ ಒತ್ತಡ ಅಳೆದಾಗ ಅದು 58 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಇತ್ತು. ಸಾಮಾನ್ಯವಾಗಿ ಇರಬೇಕಾದದ್ದು 10ರಿಂದ 21. ಬಲಿತ ಪೊರೆ ಉಬ್ಬಿ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಮುಂದಕ್ಕೆ ಒತ್ತಿದ್ದರಿಂದ, ಕಣ್ಣೊಳಗಿನ ದ್ರವ ಹೊರಹೋಗುವ ದಾರಿಯೇ ಮುಚ್ಚಿಹೋಗಿತ್ತು. ಇದೂ ಒಂದು ಬಗೆಯ ಗ್ಲಾಕೋಮಾ, ಅಂದರೆ ಕಣ್ಣಿನ ನರವನ್ನು ಕೆಡಿಸುವ ಕಾಯಿಲೆ. ಒತ್ತಡ ಇಳಿಸಲು ಡ್ರಿಪ್ ಹಾಕಿ, ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕಳುಹಿಸಿದರು. ಅಲ್ಲಿ ಪೊರೆ ತೆಗೆದು ಲೆನ್ಸ್ ಹಾಕಿದರೂ, ಅಷ್ಟರಲ್ಲಿ ಕಣ್ಣಿನ ನರ ಕೆಟ್ಟಿದ್ದರಿಂದ ಆ ಕಣ್ಣಿಗೆ ಈಗ ಕೈಯಾಡಿಸಿದ್ದಷ್ಟೇ ತಿಳಿಯುತ್ತದೆ. ಸತ್ತ ನರವನ್ನು ಯಾವ ಔಷಧವೂ ಬದುಕಿಸಲಾರದು.

‘ಹಣ್ಣಾಗಲಿ’ ಎಂಬ ಮಾತು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಆಗ ಪೊರೆಯನ್ನು ಇಡಿಯಾಗಿ ತೆಗೆದು, ಒಳಗೆ ಲೆನ್ಸ್ ಹಾಕದೆ ದಪ್ಪ ಕನ್ನಡಕ ಕೊಡುತ್ತಿದ್ದುದರಿಂದ, ದೃಷ್ಟಿ ಪೂರ್ತಿ ಮಂಜಾಗುವವರೆಗೆ ಕಾಯುವುದು ವಾಡಿಕೆಯಾಗಿತ್ತು. ಈಗ ಎರಡು ಮೂರು ಮಿಲಿಮೀಟರ್ ಗಾಯದಲ್ಲಿಯೇ ಶ್ರವಣಾತೀತ (ಅಲ್ಟ್ರಾಸೌಂಡ್) ತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ; ಬಲಿತಷ್ಟೂ ಅದು ಗಟ್ಟಿಯಾಗಿ ಆಪರೇಷನ್ನೇ ಕಷ್ಟವಾಗುತ್ತದೆ. ಪೊರೆ ಬಂದ ಪ್ರತಿಯೊಬ್ಬರಿಗೂ ಕೂಡಲೇ ಆಪರೇಷನ್ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕಾಯಬಹುದೋ ಇಲ್ಲವೋ ಎಂಬುದನ್ನು ಕಣ್ಣಿನ ಒತ್ತಡವನ್ನೂ ಅಳೆದು ನೋಡಿದ ವೈದ್ಯರು ಹೇಳಬೇಕೇ ಹೊರತು ಕನ್ನಡಕ ಮಾರುವವರಲ್ಲ. ಪೊರೆ ಕರಗಿಸುತ್ತೇವೆಂದು ಹನಿ ಔಷಧ ಕೊಡುವವರನ್ನೂ ದಯವಿಟ್ಟು ನಂಬಬೇಡಿ. ಹಾಗೆ ಕರಗಿಸುವ ಹನಿ ಇಲ್ಲ.

ಆಯಿಯ ಬಲಗಣ್ಣಿನ ಆಪರೇಷನ್ನನ್ನು ತಡಮಾಡದೆ ಮಾಡಿಸಿದೆವು, ಆ ಕಣ್ಣಿನಿಂದ ಪಂಚಾಂಗ ಓದುತ್ತಾರೆ. ನಿಮ್ಮ ಮನೆಯಲ್ಲಿ ಪೊರೆಯಿರುವ ಹಿರಿಯರಿಗೆ ತಲೆನೋವು, ವಾಂತಿಯ ಜೊತೆ ಕಣ್ಣು ಕೆಂಪಾದರೆ ಬೆಳಗಾಗಲೆಂದು ಕಾಯದೆ ಹೊರಡಿ. ಯಾವ ಡಾಕ್ಟರ ಬಳಿ ಹೋದರೂ ಕಣ್ಣಿನಲ್ಲಿ ಪೊರೆಯಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಆ ಎರಡನೆಯ ದಿನ ಇಂಜೆಕ್ಷನ್ ಕೊಟ್ಟವರಿಗೆ ನಾವು ಅದನ್ನು ಹೇಳಿರಲೇ ಇಲ್ಲ.