ಟೀವಿ, ಫೋನು, ರಾಗಿಹುಲ್ಲಿನ ಬಣವೆ

ಈ ಬೇಸಿಗೆ ರಜೆಯಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಮೂರು ಮಕ್ಕಳಿದ್ದರು. ಒಂಬತ್ತನೇ ಕ್ಲಾಸಿನ ನನ್ನ ಮಗಳು, ಅಕ್ಕನ ಇಬ್ಬರು ಗಂಡುಮಕ್ಕಳು. ಮೂವರಿಗೂ ಕಲೆಯ ಇತಿಹಾಸ ಒಂದಿಷ್ಟು ಹೇಳೋಣ ಅಂತ ಹೊರಟೆ. ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು ಟೀವಿ. ಲ್ಯಾಪ್‌ಟಾಪ್ ಜೋಡಿಸಿ ಗುಹೆಯ ಚಿತ್ರಗಳಿಂದ ಶುರುಮಾಡಿ, ಇಸವಿ ಪ್ರಕಾರ ಮುಂದೆ ಹೋದೆ. ಯೂರೋಪಿನ ಕಲೆ ಹೊಸದಾಗಿ ಚಿಗುರಿದ ರೆನೈಸಾನ್ಸ್ ಕಾಲದ ಹೊತ್ತಿಗೆ ಅಕ್ಕನ ದೊಡ್ಡ ಮಗ ಗೋಡೆಗೆ ಒರಗಿದ್ದ. ಅದರ ಮುಂದಿನ ಬರೋಕ್ ಶೈಲಿ ಬರುವಷ್ಟರಲ್ಲಿ ಗೊರಕೆ. ಅವನ ತಪ್ಪಲ್ಲ, ನಾನು ಸಮಾಜ ಪಾಠಕ್ಕೇ ಚಿತ್ರ ಅಂಟಿಸಿದ್ದೆ ಅಷ್ಟೆ.

ಫೋನು ಇದಕ್ಕಿಂತ ವಾಸಿ. ಫ್ರಾನ್ಸಿನ ಚಿತ್ರಕಾರ ಸ್ಯೂರಾ 1884ರಿಂದ 86ರವರೆಗೆ ಬಿಡಿಸಿದ ನದಿ ದಂಡೆಯ ಭಾನುವಾರದ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದರೆ ಬರೀ ಚುಕ್ಕೆ. ಹುಡುಗರು ಆ ಹುಲ್ಲಲ್ಲಿ ಹಸಿರಲ್ಲದ ಚುಕ್ಕೆ ಹುಡುಕೋಕೆ ಪೈಪೋಟಿಗೆ ಬಿದ್ದರು. ತೊಂದರೆ ಇರೋದು ಅಳತೆಯಲ್ಲಿ. ಮೋನಾಲಿಸಾ ಎತ್ತರ 77 ಸೆಂಟಿಮೀಟರ್, ಪಿಕಾಸೊನ ಗೆರ್ನಿಕಾ ಚಿತ್ರದ ಅಗಲ 7.77 ಮೀಟರ್. ಫೋನಲ್ಲಿ ಎರಡೂ ಅಂಗೈಯಷ್ಟೇ! ಕೊನೆಗೆ ಟೇಪು ಹಿಡಿದು, ರಂಗೋಲಿ ಪುಡಿಯಲ್ಲಿ ಗೆರ್ನಿಕಾದ ಚೌಕಟ್ಟನ್ನು ಬೀದಿಯಲ್ಲೇ ಎಳೆದೆವು. ಪಕ್ಕದ ಮನೆ ಅಜ್ಜಿ 'ಶಾಮಿಯಾನ ಹಾಕ್ತಿದ್ದೀರೇನಪ್ಪಾ?' ಅಂತ ಕೇಳಿದರು. ಮಕ್ಕಳು ಗೆರೆಯೊಳಗೆ ಅಡ್ಡಡ್ಡ ಮಲಗಿ ನೋಡಿದರು. 1937ರಲ್ಲಿ ಸ್ಪೇನಿನ ಗೆರ್ನಿಕಾ ಅನ್ನೋ ಊರಿನ ಮೇಲೆ ಬಾಂಬು ಬಿದ್ದ ಕಥೆಯನ್ನು ಅಲ್ಲೇ ಹೇಳಿದೆ. ಆಗ ಯಾರೂ ಆಕಳಿಸಲಿಲ್ಲ.

ನಾನು ಜಾಸ್ತಿ ದಿನ ಕಳೆದದ್ದು ಬಣವೆಯ ಜೊತೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1890ರ ಆಸುಪಾಸಿನಲ್ಲಿ ತನ್ನ ಮನೆ ಹತ್ತಿರದ ಗೋಧಿ ಬಣವೆಗಳನ್ನೇ ಸುಮಾರು 25 ಸಲ ಬಿಡಿಸಿದ. 'ಮಾವ, ಅವನಿಗೆ ಬೇರೆ ಕೆಲಸ ಇರಲಿಲ್ವಾ?' ಅಂದ ಚಿಕ್ಕವನು. ನ್ಯಾಯವಾದ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳದೆ ಊರಾಚೆಯ ಹೊಲಕ್ಕೆ ಕರೆದುಕೊಂಡು ಹೋದೆ. ನಮ್ಮ ಕಡೆ ರಾಗಿಹುಲ್ಲಿನ ಬಣವೆಗೇನು ಬರ? ಬೆಳಗ್ಗೆ ಏಳಕ್ಕೆ ಒಂದು ಹಾಳೆ, ಇಪ್ಪತ್ತು ನಿಮಿಷಕ್ಕೆ ಇನ್ನೊಂದು, ಮತ್ತೆ ಸಂಜೆ ಹೋಗಿ ಮೂರು. ಬೆಳಕು ಬದಲಾದರೆ ಮೊನೆಯೂ ಹೀಗೇ ಬೇರೆ ಕ್ಯಾನ್ವಾಸಿಗೆ ಕೈಹಾಕುತ್ತಿದ್ದ. ಮಗಳು ಮೊದಲು ನೆರಳಿಗೆ ಕಪ್ಪು ಬಳಿದಳು. ಎರಡನೇ ಹಾಳೆ ಮುಗಿಯುವ ಮುಂಚೆ 'ಅಪ್ಪಾ, ಇದು ನೀಲಿ ಅಲ್ವಾ?' ಅಂದಳು. ಆ ಗಳಿಗೆಯ ಬೆಳಕು ಕಣ್ಣಿಗೆ ಕಂಡ ಹಾಗೆ ಬಿಡಿಸೋ ಈ ಶೈಲಿಗೆ ಇಂಪ್ರೆಷನಿಸಂ ಅಂತಾರೆ ಅನ್ನೋದನ್ನು ಅದಾದ ಮೇಲೆ ಹೇಳಿದೆ. ಕೈಯಲ್ಲಿದ್ದ ಬಣ್ಣದ ಟ್ಯೂಬು ತೋರಿಸಿ, 1841ರಲ್ಲಿ ಅಮೆರಿಕದ ಜಾನ್ ರಾಂಡ್ ಇಂಥ ತವರದ ಟ್ಯೂಬು ಮಾಡಿದ್ದರಿಂದ ಬಯಲಲ್ಲಿ ಕೂತು ತೈಲವರ್ಣ ಬಿಡಿಸೋದು ಸುಲಭವಾಯಿತು ಅಂದೆ. ಟೀವಿ ಮುಂದೆ ಇದನ್ನೇ ಹೇಳಿದ್ದೆ, ಒಬ್ಬರಿಗೂ ನೆನಪಿರಲಿಲ್ಲ.

ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಿದ ಹಾಗೆ ಒಟ್ಟಿಗೇ ಬಿಡಿಸೋ ಕ್ಯೂಬಿಸಂಗೆ ಬಣವೆ ಕೆಲಸಕ್ಕೆ ಬರಲಿಲ್ಲ. ಬಿಂದಿಗೆ ಬಂತು: ಬಾಯಿ ಮೇಲಿನಿಂದ ನೋಡಿದ ಹಾಗೆ, ಹೊಟ್ಟೆ ಪಕ್ಕದಿಂದ, ಎರಡೂ ಒಂದೇ ಹಾಳೆಯಲ್ಲಿ. ಹೊಲದಲ್ಲಿ ಬಿಸಿಲು ಮಾತ್ರ ವಿಪರೀತ. ಟೋಪಿ, ಮಜ್ಜಿಗೆ ಇಲ್ಲದೆ ಹೊರಡಬೇಡಿ.

ಕೊನೆಯದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಯೂರೋಪಿನ ಪಂಥಗಳು ಇಲ್ಲಿ ಸಿಗಲ್ಲ, ನಿಜ. ಆದರೆ ಶೈಲಿ ಅಂದರೇನು ಅನ್ನೋದು ಇಲ್ಲಿ ಸಿಗುವಷ್ಟು ಸಲೀಸಾಗಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಒಂಬತ್ತನೇ ಶತಮಾನದ ಗುಡಿಗೆ ಆಮೇಲಿನ ಅರಸರು ಸೇರಿಸುತ್ತಲೇ ಹೋಗಿದ್ದಾರೆ. ಸುಮ್ನೆ ಸುತ್ತಿ ಬನ್ನಿ ಅಂತ ಬಿಟ್ಟೆ. ಟೀವಿ ಮುಂದೆ ಗೊರಕೆ ಹೊಡೆದವನೇ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬದ ಕುಸುರಿ ಮುಟ್ಟಲು ಹೋಗಿ, ಕೈ ಹಿಂದಕ್ಕೆ ತಗೊಂಡು ಹೇಳಿದ: 'ಮಾವ, ಇದನ್ನ ಮಾಡಿದವರು ಬೇರೆ, ಆ ಕಡೆ ಕಂಬ ಮಾಡಿದವರು ಬೇರೆ.'

ಯಾವುದು ಮೊದಲಿನದು ಅಂದೆ. ಗೊತ್ತಿಲ್ಲ ಅಂತ ಇನ್ನೊಂದು ಸುತ್ತು ಹೊರಟ.