ಹಣೆಪಟ್ಟಿ ಕೇಳದ ಪತ್ರಾಗಾರ

ನಾನು ಮತ್ತು ನನ್ನ ಬಾಲ್ಯದ ಒಡನಾಡಿ ಪ್ರತಿ ಭಾನುವಾರ ಒಬ್ಬರಿಗೊಬ್ಬರು ಒಂದು ಕೊಂಡಿ ಕಳುಹಿಸುತ್ತೇವೆ. ವಾರವಿಡೀ ಅಂತರ್ಜಾಲದಲ್ಲಿ ಅಲೆದಾಗ ಸಿಕ್ಕಿದ್ದರಲ್ಲಿ ತೋರಿಸದೆ ಇರಲಾಗದ್ದು ಯಾವುದೋ, ಅದು. ಹಳೆಯ ನಕ್ಷೆಗಳು, ಹಕ್ಕಿಗಳ ಕೂಗು, ಯಾರೂ ಓದಲಾರದ ಲಿಪಿಗಳು ಹೀಗೆ ಬಂದು ಹೋಗಿವೆ. ಆದರೆ ಮೂರು ತಿಂಗಳ ಹಿಂದೆ ನಾನು ಕಳುಹಿಸಿದ ಡಿಜಿಟಲ್ ಟ್ರಾನ್ಸ್‌ಜೆಂಡರ್ ಆರ್ಕೈವ್‌ನ ಕುರಿತ ಮಾತು ಇನ್ನೂ ಮುಗಿದಿಲ್ಲ.

2016ರಲ್ಲಿ ಆರಂಭವಾದ ಈ ಜಾಲತಾಣದ ಕೆಲಸ ಸರಳ. ಬೇರೆ ಬೇರೆ ಗ್ರಂಥಾಲಯಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ಚದುರಿದ್ದ, ಹುಟ್ಟಿನಲ್ಲಿ ಗುರುತಿಸಿದ ಲಿಂಗವನ್ನು ಮೀರಿ ಬದುಕಿದವರ ವಾರ್ತಾಪತ್ರ, ಕರಪತ್ರ, ಛಾಯಾಚಿತ್ರಗಳನ್ನು ಒಂದೇ ಕಡೆ ಹುಡುಕಿ ಓದಬಹುದು. ಶುಲ್ಕವಿಲ್ಲ, ಖಾತೆ ತೆರೆಯಬೇಕಾಗಿಲ್ಲ. ಹೆಚ್ಚಿನವು ಇಂಗ್ಲಿಷಿನವು, ಉತ್ತರ ಅಮೆರಿಕದವು. ಅಷ್ಟು ತಿಳಿದುಕೊಂಡು ಒಳಗೆ ಹೋಗಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಪರಿಚಯದ ಪುಟ. ಟ್ರಾನ್ಸ್‌ಜೆಂಡರ್ ಎಂಬುದನ್ನು ಒಂದು ಅಸ್ಮಿತೆಯ ವರ್ಗವಾಗಿ ಅಲ್ಲ, ಒಂದು ಆಚರಣೆಯಾಗಿ ನೋಡುತ್ತೇವೆ ಎಂಬ ನಿಲುವು ಅಲ್ಲಿದೆ. ಅಂದರೆ, ನೂರು ವರ್ಷದ ಹಿಂದಿನ ಫೋಟೋದಲ್ಲಿರುವ ವ್ಯಕ್ತಿ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು ಎಂದು ಊಹಿಸಿ ಇಂದಿನ ಹಣೆಪಟ್ಟಿ ಅಂಟಿಸಬೇಕಾಗಿಲ್ಲ. ಅವರು ಹೇಗೆ ಬದುಕಿದರು ಎಂಬುದು ಸಾಕು.

ಇದು ನನ್ನ ಒಡನಾಡಿಗೆ ಎಷ್ಟು ಮುಖ್ಯವಾಗಿತ್ತೆಂದು ನನಗೆ ಗೊತ್ತು. ಎರಡು ವರ್ಷಗಳಿಂದ ಅವರು ತಮಗೊಂದು ಪದ ಹುಡುಕುತ್ತಿದ್ದಾರೆ. ಗಂಡು-ಹೆಣ್ಣೆಂಬ ಎರಡಕ್ಕೇ ನಿಲ್ಲದ ನಾನ್‌ಬೈನರಿ, ಲಿಂಗವೇ ಇಲ್ಲವೆನ್ನುವ ಅಜೆಂಡರ್, ಆಗಾಗ ಬದಲಾಗುವ ಜೆಂಡರ್‌ಫ್ಲೂಯಿಡ್ ಎಲ್ಲವನ್ನೂ ಕೆಲವು ವಾರ ತೊಟ್ಟು ನೋಡಿದ್ದಾರೆ. ಬೇರೆಯವರ ಅಳತೆಗೆ ಹೊಲಿಸಿದ ಅಂಗಿಯ ಹಾಗೆ, ಭುಜ ಸರಿಹೋದರೆ ತೋಳು ಗಿಡ್ಡ. ಪದ ಸಿಗದಿದ್ದರೆ ತಾವು ಅನುಭವಿಸುತ್ತಿರುವುದೇ ಸುಳ್ಳೇನೋ ಎಂಬ ಅಳುಕು ಬೇರೆ.

ಈ ಪತ್ರಾಗಾರದಲ್ಲಿ ಒಂದು ಸಂಜೆ ಕಳೆದರೆ ಪದಗಳ ವಯಸ್ಸು ಕಣ್ಣಿಗೆ ಬೀಳುತ್ತದೆ. ಬೇರೆ ಲಿಂಗದ ಉಡುಗೆ ತೊಡುವವರು ಎಂಬರ್ಥದ 'ಟ್ರಾನ್ಸ್‌ವೆಸ್ಟೈಟ್' ಪದವನ್ನು ಬರ್ಲಿನ್ನಿನ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಚಲಾವಣೆಗೆ ತಂದದ್ದು 1910ರಲ್ಲಿ. ಹಳೆಯ ವಾರ್ತಾಪತ್ರಗಳಲ್ಲಿ ಜನ ತಮ್ಮನ್ನು ಟ್ರಾನ್ಸ್‌ವೆಸ್ಟೈಟ್‌ಗೆ 'ಟಿವಿ', ದೇಹವನ್ನೂ ಬದಲಿಸಿಕೊಳ್ಳಬಯಸುವ ಟ್ರಾನ್ಸ್‌ಸೆಕ್ಷುಯಲ್‌ಗೆ 'ಟಿಎಸ್' ಎಂಬ ಎರಡೆರಡು ಅಕ್ಷರಗಳಲ್ಲಿ ಆತ್ಮೀಯವಾಗಿ ಕರೆದುಕೊಂಡಿದ್ದಾರೆ. ಇಂದು ಆ ಅಕ್ಷರಗಳು ಹೆಚ್ಚಿನವರಿಗೆ ಒರಟು. ಬೆರಳಚ್ಚು ಯಂತ್ರದ ಅಕ್ಷರ, ಅಂಚಿನಲ್ಲಿ ಸ್ಟೇಪ್ಲರ್ ಪಿನ್ನಿನ ಗುರುತು. ಆ ಪದಗಳನ್ನು ಟೈಪು ಮಾಡಿದವರಿಗೆ ಅವು ಎಷ್ಟು ನಿಜವಾಗಿದ್ದವು!

ಲೂ ಸಲಿವನ್ ಅವರನ್ನು ಓದದೆ ಹೊರಬರಬೇಡಿ. ಹೆಣ್ಣೆಂದು ಹುಟ್ಟುದಾಖಲೆ ಪಡೆದ ಅವರು ಗಂಡಾಗಿ ಬದುಕಿದವರು, ಗಂಡಸರನ್ನೇ ಪ್ರೀತಿಸಿದವರು. ಲಿಂಗ ಬದಲಾವಣೆಗೆ ನೆರವಾಗುತ್ತಿದ್ದ ಅಂದಿನ ಚಿಕಿತ್ಸಾ ಕೇಂದ್ರಗಳ ಅರ್ಹತೆಯ ಪಟ್ಟಿಯಲ್ಲಿ ಈ ಎರಡೂ ಒಟ್ಟಿಗೆ ಕೂರುತ್ತಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ ಅವರನ್ನು ವಾಪಸು ಕಳುಹಿಸಿದರು. ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಮ್ಮಂಥವರನ್ನು ಕೂಡಿಸಿ 1987ರಲ್ಲಿ 'ಎಫ್‌ಟಿಎಂ' ಎಂಬ, ಅಂದರೆ 'ಹೆಣ್ಣಿನಿಂದ ಗಂಡಿಗೆ' ಎಂಬರ್ಥದ, ವಾರ್ತಾಪತ್ರ ಆರಂಭಿಸಿದರು. 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಪದಗಳೇ ಬಾಗಿಲು ಮುಚ್ಚಿದಾಗ ಮನುಷ್ಯ ಏನು ಮಾಡಬಹುದೆಂದು ಆ ಸಂಚಿಕೆಗಳಲ್ಲಿ ಕಾಣಬಹುದು.

ವಿಷಯಸೂಚಿಗೆ ಇವರು ಲಿಂಗ, ಲೈಂಗಿಕತೆಗಳ ಪದಗಳಿಗೆಂದೇ ಇರುವ ಹೋಮೋಸಾರಸ್ ಎಂಬ ಪದಕೋಶವನ್ನು ಬಳಸುತ್ತಾರೆ. ಯಾವ ಪದ ಯಾವುದರೊಳಗೆ ಸೇರುತ್ತದೆ, ಯಾವುದಕ್ಕೆ ನೆಂಟು ಎಂದು ಅದು ತೋರಿಸುತ್ತದೆ. ಹುಡುಕುವವರಿಗೆ ಉಪಯುಕ್ತ, ಆದರೆ ಮೊದಲ ದಿನವೇ ಅಲ್ಲಿಗೆ ಹೋಗಬೇಡಿ. ಮೊದಲು ವಾರ್ತಾಪತ್ರಗಳಲ್ಲಿನ ಓದುಗರ ಪತ್ರಗಳನ್ನು ಓದಿ.

ಇದನ್ನು ಬರೆಯುವಾಗ ನಮ್ಮ ಭಾಷೆಯ ಒಂದು ಸಂಗತಿ ಹೊಳೆಯಿತು. ನಾನು, ನೀನು ಎಂಬವಕ್ಕೆ ಲಿಂಗವಿಲ್ಲ. 'ಬಂದೆ', 'ಬಂದೆಯಾ' ಎಂಬವಕ್ಕೂ ಇಲ್ಲ. ನಾವಿಬ್ಬರೇ ಮಾತಾಡಿಕೊಳ್ಳುವಷ್ಟು ಹೊತ್ತು ಯಾವ ತೊಡಕೂ ಬರುವುದಿಲ್ಲ. ಮೂರನೆಯವರಿಗೆ ಹೇಳಹೊರಟಾಗ ಮಾತ್ರ ಬಂದನೋ ಬಂದಳೋ ಎಂಬ ಪ್ರಶ್ನೆ. ಅದಕ್ಕೇ ಇಲ್ಲಿ ಒಡನಾಡಿ ಎಂದೆ, ಅವರು ಎಂದೆ. ಹಾಗೆ ಬರೆಯಲೇ ಎಂದು ಕೇಳಿದಾಗ "ಬರೆ, ಚೆನ್ನಾಗಿದೆ" ಎಂದರು.

ಪದದ ಹುಡುಕಾಟ ನಿಂತಿಲ್ಲ, ಅವಸರ ಮಾತ್ರ ಹೋಗಿದೆ. ಅವರೀಗ 'ಎಫ್‌ಟಿಎಂ'ನ 1988ರ ಸಂಚಿಕೆಗಳಿಗೆ ಬಂದಿದ್ದಾರೆ.